‘ಹೇಲು’ ಬೈಗುಳ ಅಲ್ಲ, ಕ್ರಿಯಾಪದ

ಪ್ರಶ್ನೆ — ಬೆಂಗಳೂರಿನಿಂದ ಒಬ್ಬ ತಾಯಿ:

ನಮಸ್ಕಾರ. ಸ್ವಲ್ಪ ಮುಜುಗರದ ಪ್ರಶ್ನೆ. ಈ ಗುಂಪು ಬಿಟ್ಟರೆ ಬೇರೆಲ್ಲಿ ಕೇಳೋದು ಗೊತ್ತಾಗಲಿಲ್ಲ. ಮಗನಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ನಾವಿಬ್ಬರೂ ಕೆಲಸಕ್ಕೆ ಹೋಗ್ತೀವಿ, ಹಾಗಾಗಿ ಅವನು ಬೆಳೆದದ್ದು ನನ್ನ ಅತ್ತೆಯ ಕೈಯಲ್ಲಿ. ಅವರು ಹಾಸನದ ಕಡೆಯವರು. ಮೊನ್ನೆ ಕ್ಲಾಸಲ್ಲಿ ಎದ್ದು ನಿಂತು "ಮಿಸ್, ಹೇಲು ಬಂತು" ಅಂದಿದ್ದಾನೆ. ಇಡೀ ಕ್ಲಾಸು ಗೊಳ್ಳೆಂದಿದೆ. ಡೈರಿಯಲ್ಲಿ ಕೆಂಪು ಇಂಕಿನಲ್ಲಿ ಬರೆದು ಕಳಿಸಿದ್ದಾರೆ: ಮಗು ಕೆಟ್ಟ ಪದ ಬಳಸುತ್ತೆ, ಮನೆಯಲ್ಲಿ ತಿದ್ದಿ ಅಂತ. ಅತ್ತೆಗೆ ಓದಿ ಹೇಳಿದೆ. "ಬಂದದ್ದನ್ನ ಬಂತು ಅಂದವ್ನೆ. ಇನ್ನೇನು, ರಸಬಾಳೆ ಬಂತು ಅನ್ನಬೇಕಿತ್ತಾ?" ಅಂದ್ರು.

ನನಗೆ ಗೊತ್ತಾಗಬೇಕಿರೋದು ಇಷ್ಟು. ಹೇಲು ನಿಜವಾಗಿ ಕೆಟ್ಟ ಪದವಾ? ಅದರ ಮೂಲ ಏನು? ನನ್ನ ಗಂಡ ಹೇಳೋ ಪ್ರಕಾರ ಕಕ್ಕ ಮಾಡೋ ಜಾಗವೇ ಕಕ್ಕಸು, ಅದು ಅಚ್ಚಗನ್ನಡ. ಹೌದಾ?

ಉತ್ತರ — ನಿಘಂಟು ಕೆಲಸದವರು:

ಮೊದಲು ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ನಾನು ಅರ್ಧ ಗಂಟೆ ಕೂತು ಬರೆಯೋದನ್ನ ಅವರು ಒಂದು ಮಾತಲ್ಲಿ ಮುಗಿಸಿಬಿಟ್ಟಿದ್ದಾರೆ.

ಹೇಲು ಅಚ್ಚ ದ್ರಾವಿಡ ಪದ. ಹಳೆಯ ರೂಪ ಪೇಲ್. ಹಳಗನ್ನಡದಲ್ಲಿ ಪದದ ಮೊದಲಿಗೆ ಇದ್ದ ಪಕಾರ ಹತ್ತನೇ ಶತಮಾನದ ಹೊತ್ತಿನಿಂದ ನಿಧಾನವಾಗಿ ಹಕಾರಕ್ಕೆ ತಿರುಗಿತು. ಪಾಲು ಹಾಲಾಯ್ತು, ಪಾವು ಹಾವಾಯ್ತು, ಪುಲಿ ಹುಲಿಯಾಯ್ತು. ಅದೇ ಸಾಲಿನಲ್ಲಿ ಪೇಲ್ ಬಂದು ಹೇಲು ಆಯ್ತು. ತಮಿಳಿನಲ್ಲಿ ಆ ಬದಲಾವಣೆ ಆಗಲಿಲ್ಲ, ಅಲ್ಲಿ ಇವತ್ತಿಗೂ ಪೇಲ್ ಅನ್ನೋ ಕ್ರಿಯಾಪದ ಇದೆ, ಅರ್ಥವೂ ಅದೇ. ಇದರ ಪಕ್ಕದ ಮನೆಯ ಪದ ಪೀ. ತಮಿಳು, ಮಲಯಾಳ, ತುಳು ಮೂರರಲ್ಲೂ ಪೀ, ತೆಲುಗಿನಲ್ಲಿ ಪಿಯ್ಯಿ. ಅಂದರೆ ನಿಮ್ಮ ಮಗ ಕ್ಲಾಸಲ್ಲಿ ಆಡಿದ ಪದಕ್ಕೆ ದಕ್ಷಿಣದ ತುಂಬ ನೆಂಟರಿದ್ದಾರೆ.

ನನಗೆ ಇದರಲ್ಲಿ ಇಷ್ಟವಾಗೋದು ಬೇರೆ ಒಂದು ಸಂಗತಿ. ಈ ಮೂರು ಪದ ಪಕ್ಕಪಕ್ಕ ಇಟ್ಟು ನೋಡಿ: ಸೋಲು, ನೂಲು, ಹೇಲು. ಮೂರೂ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಪಂದ್ಯದ ಸೋಲು, ಪಂದ್ಯ ಸೋಲು. ಹತ್ತಿಯ ನೂಲು, ಹತ್ತಿ ನೂಲು. ಈಗ ಭೂತಕಾಲ ಮಾಡಿ. ಸೋತ, ನೂತ, ಹೇತ. ಸೋಲಿದ ಅಂತ ಯಾರೂ ಅನ್ನಲ್ಲ, ಹೇಲಿದ ಅಂತಲೂ ಅನ್ನಲ್ಲ. ಹೀಗೆ ಭೂತಕಾಲದಲ್ಲಿ ಮೈಯನ್ನೇ ಬದಲಿಸಿಕೊಳ್ಳುವ ಕ್ರಿಯಾಪದಗಳು ಭಾಷೆಯ ಹಳೇ ಮನೆಯವು: ನಿಲ್ಲು–ನಿಂತ, ಕೊಲ್ಲು–ಕೊಂದ, ಬೀಳು–ಬಿದ್ದ, ಏಳು–ಎದ್ದ. ಹೊರಗಿನಿಂದ ಬಂದ ಕ್ರಿಯೆಗೆ ಕನ್ನಡ ಈ ಸಲಿಗೆ ಕೊಡೋದಿಲ್ಲ. ಅದಕ್ಕೆ ಬಾಗಿಲಲ್ಲೇ ಒಂದು ‘ಇಸು’ ಅಂಟಿಸಿ ಒಳಗೆ ಬಿಡುತ್ತೆ. ಪ್ರೀತಿಸು, ಪೂಜಿಸು, ವಿಸರ್ಜಿಸು. ಮಲ ವಿಸರ್ಜಿಸಿದ ಅನ್ನುವವನು ನೆಂಟನ ಹಾಗೆ ಮಾತಾಡ್ತಾನೆ, ಹೇತ ಅನ್ನುವವನು ಮನೆಯವನ ಹಾಗೆ.

ಕೆಟ್ಟ ಪದವಾ ಅಂದ್ರಿ. ಎಲ್ಲರ ಮುಂದೆ ಆಡದ ಪದ, ಅಷ್ಟೆ. ಕೆಟ್ಟ ಪದ ಅಂದರೆ ಇನ್ನೊಬ್ಬರನ್ನು ನೋಯಿಸೋಕೆ ಎಸೆಯೋದು, ನಿಮ್ಮ ಮಗ ಯಾರಿಗೂ ಏನೂ ಎಸೆದಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಕಿಟೆಲ್ ಅವರ ನಿಘಂಟು ಬಂತು. ಕಿಟೆಲ್ ಪಾದ್ರಿ, ಜರ್ಮನಿಯವರು. ಆ ಪಾದ್ರಿಗೂ ಹೇಲು ಬಿಡಬೇಕು ಅನ್ನಿಸಲಿಲ್ಲ, ಹಾಲು, ಹಾವುಗಳ ಜೊತೆ ಅದನ್ನೂ ಅಚ್ಚು ಹಾಕಿಸಿದರು.

ಕಕ್ಕಸಿನ ಕತೆ ಉದ್ದ ಇದೆ. ಊಟ ಮುಗಿಸಿ ಬರ್ತೀನಿ.

ಮಂಡ್ಯದಿಂದ ಒಬ್ಬರು:

ಸಾರ್, ಊಟಕ್ಕೆ ಹೋಗೋ ಮುಂಚೆ ಇದನ್ನ ಬಗೆಹರಿಸಿ. ನಮ್ಮ ಆಫೀಸಿನ ಗುಂಪಲ್ಲಿ ಒಬ್ಬರಿಗೆ ಳಕಾರ ಟೈಪ್ ಮಾಡೋಕೆ ಬರಲ್ಲ. ದಿನಾ ಬೆಳಿಗ್ಗೆ "ಎಲ್ಲಿದ್ದೀಯ ಹೇಲು", "ಮ್ಯಾನೇಜರ್ ಬಂದರೆ ಹೇಲು" ಅಂತ ಬರೀತಾರೆ. ಈ ಎರಡು ಪದಕ್ಕೆ ಸಂಬಂಧ ಇದೆಯಾ?

ಉತ್ತರ:

ಇಲ್ಲ. ಮ್ಯಾನೇಜರ್ ಬಂದಾಗ ಎರಡೂ ಒಟ್ಟಿಗೆ ಆಗಬಹುದು, ಆದರೆ ಪದಗಳಿಗೆ ನೆಂಟಸ್ತನ ಇಲ್ಲ.

ಹೇಳು ಅನ್ನೋದರ ಹಳೆಯ ರೂಪ ಪೇೞ್. ಆ ಕೊನೆಯ ಅಕ್ಷರ ರಳ. ಈಗ ನಮ್ಮ ಅಕ್ಷರಮಾಲೆಯಿಂದ ಉದುರಿಹೋಗಿದೆ, ಹಳೆ ಶಾಸನಗಳಲ್ಲಿ ಸಿಗುತ್ತೆ, ತಮಿಳು ಮಲಯಾಳಗಳಲ್ಲಿ ಇನ್ನೂ ಬದುಕಿದೆ. ಹೇಲುವಿನಲ್ಲಿ ಇರೋದು ಮಾಮೂಲಿ ಲಕಾರ. ಪಂಪನ ಕಾಲದವರಿಗೆ ಪೇೞ್ ಮತ್ತು ಪೇಲ್ ನಡುವೆ ಗೊಂದಲ ಆಗುವ ಪ್ರಶ್ನೆಯೇ ಇರಲಿಲ್ಲ. ಮೊದಲು ರಳ ಹೋಗಿ ಳಕಾರದಲ್ಲಿ ಸೇರಿತು, ಈಗ ಫೋನಿನ ಕೀಲಿಮಣೆ ಆ ಳಕಾರವನ್ನೂ ಲಕಾರಕ್ಕೆ ಸೇರಿಸ್ತಾ ಇದೆ. ನಿಮ್ಮ ಆಫೀಸಿನವರು ಭಾಷಾ ಚರಿತ್ರೆಯ ಮೂರನೇ ಘಟ್ಟದಲ್ಲಿದ್ದಾರೆ ಅನ್ನಿ.

ಮಂಡ್ಯದವರು:

ನಾವು ಅದಕ್ಕೇ ಯೋಳು ಅನ್ನೋದು ಸಾರ್. ಅಪಾಯನೇ ಇಲ್ಲ.

ಉತ್ತರ (ಮುಂದುವರಿದದ್ದು):

ಕಕ್ಕಸು. ನಿಮ್ಮ ಯಜಮಾನರು ಹೇಳಿದ್ದು ಅರ್ಧ ಸರಿ, ಮತ್ತೆ ಆ ಅರ್ಧವೇ ಚೋದ್ಯ.

ಪದ ಡಚ್ಚರದ್ದು. ಅವರ ಭಾಷೆಯಲ್ಲಿ ಕಕೆನ್ ಅಂದರೆ ಹೇಲು, ಕ್ರಿಯಾಪದ. ಹೌಸ್ ಅನ್ನೋದಕ್ಕೆ ಅವರಲ್ಲಿ ಇರೋದು ಹೆಚ್ಚುಕಡಿಮೆ ಹೊಯ್ಸ್ ಅಂತ ಕೇಳುವ ಪದ, ಕೆಲವು ಸೀಮೆಯ ಆಡುಮಾತಲ್ಲಿ ಹೂಸ್ ಅಂತಲೇ. ಎರಡೂ ಸೇರಿ ಕಕ್‌ಹೊಯ್ಸ್, ಹೇಲುಮನೆ. ಡಚ್ಚರು 1658ರಲ್ಲಿ ಪೋರ್ಚುಗೀಸರಿಂದ ನಾಗಪಟ್ಟಣ ಕಿತ್ತುಕೊಂಡರು, 1663ರಲ್ಲಿ ಕೊಚ್ಚಿ. ಸಿಂಹಳದ ಕರಾವಳಿ ಅವರ ಕೈಯಲ್ಲಿ 1796ರ ತನಕ ಇತ್ತು. ನಮ್ಮ ಬಸ್ರೂರಿನಲ್ಲೂ ಹದಿನೇಳನೇ ಶತಮಾನದಲ್ಲಿ ಅವರದೊಂದು ವ್ಯಾಪಾರದ ಕೋಠಿ ಇತ್ತು. ನೂರೈವತ್ತು ವರ್ಷ ಮೆಣಸು, ದಾಲ್ಚಿನ್ನಿ, ಬಟ್ಟೆ ತುಂಬಿಕೊಂಡು ಹೋದರು. ನಮಗೆ ಬಿಟ್ಟು ಹೋದದ್ದರಲ್ಲಿ ಜನರ ಬಾಯಲ್ಲಿ ಉಳಿದದ್ದು ಇದು. ಸಿಂಹಳದ ಆಡುಮಾತಲ್ಲಿ ಕಕ್ಕುಸ್ಸಿ, ತಮಿಳಲ್ಲಿ ಕಕ್ಕೂಸ್, ನಮ್ಮಲ್ಲಿ ಕಕ್ಕಸು. ನಮಗೆ ಬಂದದ್ದು ತಮಿಳಿನ ದಾರಿಯಲ್ಲೇ ಅಂತ ನನ್ನ ಅಂದಾಜು. ಕೊನೆಯ ಉಕಾರ ಮಾತ್ರ ನಮ್ಮ ಸ್ವಂತ ಖರ್ಚು, ಬಸ್ಸು ಕ್ಲಾಸುಗಳಿಗೆ ಹಚ್ಚಿದ ಹಾಗೆ ಇದಕ್ಕೂ ಹಚ್ಚಿದೆವು.

ಈಗ ಕಕ್ಕ. ಅದು ಮಕ್ಕಳ ಪದ. ಮಕ್ಕಳಿಗೆ ಸುಲಭವಾಗಿ ಬರೋ ಸದ್ದನ್ನ ಎರಡು ಸಲ ಹೇಳಿಸಿ ಮಾಡಿದ್ದು: ಅಪ್ಪ, ಅಮ್ಮ, ತಾತ, ಪಾಪ, ಕಕ್ಕ. ಲ್ಯಾಟಿನ್ನಿನಲ್ಲಿ ಕಕಾರೆ, ಸ್ಪ್ಯಾನಿಷ್ ಮಕ್ಕಳಿಗೆ ಕಾಕಾ, ರಷ್ಯನ್ನರಿಗೆ ಕಾಕತ್. ಡಚ್ಚರ ಕಕೆನ್ ಕೂಡ ಈ ಗುಂಪಿನದೇ. ಹಾಗಾಗಿ ಡಚ್ಚು ಪದ ನಮ್ಮ ಕಿವಿಗೆ ಬಿದ್ದಾಗ ಅದು ಪರದೇಶಿ ಅನ್ನಿಸಲೇ ಇಲ್ಲ. ನಮ್ಮ ಕೂಸಿನ ಬಾಯಲ್ಲೇ ಅರ್ಧ ಪದ ರೆಡಿ ಇತ್ತಲ್ಲ. ನಿಮ್ಮ ಯಜಮಾನರಿಗೆ ಅದು ಅಚ್ಚಗನ್ನಡ ಅನ್ನಿಸಿದ್ದಕ್ಕೂ ಅದೇ ಕಾರಣ.

ಒಬ್ಬರು:

ಹೂಸ್ ಅಂದ್ರೆ ಮನೆಯಾ!! ಇಷ್ಟು ದಿನ ನಾನು ಬಿಡ್ತಾ ಇದ್ದದ್ದು ಮನೆನಾ?

ಉತ್ತರ:

ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು. ಕನ್ನಡದ ಹೂಸು ಬೇರೆ, ಆಕಸ್ಮಿಕ. ಮುಂದಿನ ಪ್ರಶ್ನೆ.

ಧಾರವಾಡದಿಂದ ಒಬ್ಬರು:

ನಮ್ಮ ಕಡೆ ಕಕ್ಕಾ ಅಂದ್ರ ಅಪ್ಪನ ತಮ್ಮರೀ. ಬೆಂಗಳೂರಿಗೆ ಬಂದ ಹೊಸದಾಗ ಓನರ್ ಮನಿ ಹುಡುಗನ ಮುಂದ "ನಾಳಿ ನಮ್ಮ ಕಕ್ಕಾ ಬರ್ತಾನ" ಅಂದಿದ್ದೆ. ಆ ಹುಡುಗ ನೆಲಕ್ಕ ಬಿದ್ದು ಬಿದ್ದು ನಕ್ಕ. ಕಕ್ಕಾ ಬಂದಾಗ ಬಾಗಿಲಾಗ ನಿಂತು ಮತ್ತೊಮ್ಮೆ ನಕ್ಕ. ಕಕ್ಕಗ ಇವತ್ತಿಗೂ ಯಾಕಂತ ಗೊತ್ತಿಲ್ಲ. ಇರ್ಲಿ. ನನ್ನ ಪ್ರಶ್ನೆ: ನಮ್ಮ ಸಾಲಿ ಮಾಸ್ತರು ಕಕ್ಕಸು ಅನ್ನೂದು ಸಂಸ್ಕೃತದ ಕರ್ಕಶದಿಂದ ಬಂದೈತಿ ಅಂತ ಹೇಳಿದ್ರು. ವಾಸನಿ ಕರ್ಕಶ, ಅದಕ್ಕ ಕಕ್ಕಸು ಅಂತ. ನಮ್ಮಲ್ಲಿ ಹಂಗ ನೋಡಿದ್ರ ಕಕ್ಕಸು ಅನ್ನೂದ ಕಡಿಮಿ, ಸಂಡಾಸ ಅಂತೀವಿ.

ಉತ್ತರ:

ನಿಮ್ಮ ಮಾಸ್ತರರು ಸುಮ್ಮನೆ ಕಟ್ಟಿದ ಮಾತಲ್ಲ ಅದು, ಒಂದು ನಿಜವನ್ನ ತಪ್ಪು ಕಡೆ ಜೋಡಿಸಿದ್ದಾರೆ. ಕರ್ಕಶಕ್ಕೆ ಕಕ್ಕಸ ಅನ್ನೋ ತದ್ಭವ ಖಂಡಿತ ಇದೆ, ಹಳೆಯ ಕಾವ್ಯಗಳಲ್ಲಿ ಒರಟು, ಕಠಿಣ ಅನ್ನೋ ಅರ್ಥದಲ್ಲಿ ಬರುತ್ತೆ. ಆದರೆ ಅದು ಗುಣ ಹೇಳುವ ಪದ. ಅದು ಯಾವತ್ತೂ ಕೋಣೆಯಾಗಿರಲಿಲ್ಲ. ಕನ್ನಡದ ಕಕ್ಕಸಿಗೆ ಪಕ್ಕದಲ್ಲೇ ಕಕ್ಕೂಸ್, ಕಕ್ಕುಸ್ಸಿ ಇರುವಾಗ, ಅವೆಲ್ಲಕ್ಕೂ ಡಚ್ಚರ ಬಂದರುಗಳು ಪಕ್ಕದಲ್ಲಿರುವಾಗ, ಕರ್ಕಶದ ತನಕ ಹೋಗಬೇಕಾಗಿಲ್ಲ. ಸದ್ದು ಹೊಂದಿದ್ದಕ್ಕೇ ಮೂಲ ಸಿಕ್ಕಿತು ಅಂದುಕೊಳ್ಳೋದು ನಮ್ಮ ಕೆಲಸದಲ್ಲಿ ಎಲ್ಲರೂ ಒಮ್ಮೆ ಬೀಳುವ ಹಳ್ಳ. ನಾನೂ ಬಿದ್ದಿದ್ದೇನೆ.

ನಿಮ್ಮ ಕಡೆಯ ಸಂಡಾಸ ಮರಾಠಿ, ಹಿಂದಿಯ ಜೊತೆ ಹಂಚಿಕೊಂಡ ಪದ. ಪಾಯಖಾನೆ ಪಾರ್ಸಿ: ಪಾಯ್ ಅಂದರೆ ಕಾಲು, ಖಾನಾ ಅಂದರೆ ಮನೆ. ಪಿಶಾಬು ಅಂತೀರಲ್ಲ, ಅದೂ ಪಾರ್ಸಿಯೇ. ಪೇಶ್ ಅಂದರೆ ಮುಂದೆ, ಆಬ್ ಅಂದರೆ ನೀರು. ಮುಂದಿನ ನೀರು! ಪಂಜಾಬಿನಲ್ಲಿ ಇರೋದೂ ಇದೇ ಆಬು.

ತಾಲ್ಲೂಕು ಆಸ್ಪತ್ರೆಯ ನರ್ಸ್ ಒಬ್ಬರು:

ನಗೋ ವಿಷಯ ಹೌದು, ಆದ್ರೆ ನಮಗೆ ದಿನಾ ಇದೇ ಕೆಲಸ. ಒಂದು ಘಟನೆ ಹೇಳ್ತೀನಿ. ಎಪ್ಪತ್ತರ ಹತ್ತಿರದ ಒಬ್ಬರು ಅಜ್ಜಿ, ಸುಸ್ತು ಅಂತ ಬಂದ್ರು. ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಗೊಂಡು ತಿಂಗಳಾನುಗಟ್ಟಲೆ ನುಂಗಿದಾರೆ. ಹೊಸ ಡಾಕ್ಟರು, ಪಾಪ ಒಳ್ಳೆಯವರು, ಮರ್ಯಾದೆಯಿಂದ "ಅಮ್ಮಾ, ಮಲದ ಬಣ್ಣದಲ್ಲಿ ಏನಾದ್ರೂ ವ್ಯತ್ಯಾಸ ಇದೆಯಾ" ಅಂದ್ರು. ಅಜ್ಜಿ ತಲೆ ಅಲ್ಲಾಡಿಸಿದ್ರು. "ಮೋಷನ್ ಸರಿಯಾಗಿ ಆಗ್ತಿದೆಯಾ?" ಅದಕ್ಕೂ ತಲೆ ಅಲ್ಲಾಡಿಸಿದ್ರು. ಹೌದು ಅಂತಲೋ ಇಲ್ಲ ಅಂತಲೋ ಗೊತ್ತಾಗಲಿಲ್ಲ, ಡಾಕ್ಟರು ಇಲ್ಲ ಅಂತ ಬರ್ಕೊಂಡ್ರು. ಡ್ರಿಪ್ ಹಾಕುವಾಗ ನಾನು ಪಕ್ಕಕ್ಕೆ ಕೂತು "ಅವ್ವ, ಹೇಲು ಯಾವ ಬಣ್ಣಕ್ಕೆ ಬರ್ತದೆ?" ಅಂದೆ. "ಮೂರು ದಿನದಿಂದ ಡಾಂಬರು ಇದ್ದಂಗೆ ಬತ್ತದೆ ಕಣವ್ವ, ಕರ್ರಗೆ, ಅಂಟಂಟು" ಅಂದ್ರು. ಹೊಟ್ಟೆ ಒಳಗೆ ರಕ್ತ ಸುರೀತಾ ಇತ್ತು. ಅರ್ಧ ಗಂಟೇಲಿ ದೊಡ್ಡಾಸ್ಪತ್ರೆಗೆ ಕಳಿಸಿದ್ವಿ, ಬದುಕಿದ್ರು.

ನನ್ನ ಪ್ರಶ್ನೆ ಏನಂದ್ರೆ, ಮಲ ಅನ್ನೋದು ಇಷ್ಟು ಜನಕ್ಕೆ ಯಾಕೆ ಅರ್ಥ ಆಗಲ್ಲ?

ಉತ್ತರ:

ಈ ಗುಂಪಿನಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ, ಬಹುಶಃ ಇನ್ನು ಸಿಗೋದೂ ಇಲ್ಲ.

ಯಾಕೆ ಅರ್ಥ ಆಗಲ್ಲ ಅಂದರೆ, ಮಲ ಅನ್ನೋ ಪದಕ್ಕೆ ಮೊದಲಿಗೆ ಆ ಅರ್ಥವೇ ಇರಲಿಲ್ಲ. ಮಲ ಅಂದರೆ ಕೊಳೆ, ಕಿಲುಬು, ಬರೀ ಕೊಳಕು. ಬಟ್ಟೆಗೆ ಹತ್ತಿದ್ದೂ ಮಲ, ಕಬ್ಬಿಣಕ್ಕೆ ಹಿಡಿದದ್ದೂ ಮಲ, ಮನಸ್ಸಿಗೆ ಕವಿದದ್ದೂ ಮಲ. ಮಲಿನ ಅನ್ನೋದು ಇದರಿಂದ ಆದದ್ದು. ಮಲ ಇಲ್ಲದವಳು ನಿರ್ಮಲಾ, ವಿಮಲಾ, ಅಮಲಾ. ನಮ್ಮ ಶೈವದಲ್ಲಿ ಜೀವಕ್ಕೆ ಅಂಟಿದ್ದು ಮೂರು ಮಲ, ಆಣವ, ಮಾಯಾ, ಕಾರ್ಮಿಕ. ವೀರಶೈವ ದೀಕ್ಷೆ ಕೊಡೋದು ಆ ಮಲತ್ರಯ ಕಳೆಯೋಕೆ. ಅಲ್ಲಿ ಯಾರೂ ಮೂಗು ಮುಚ್ಚಿಕೊಳ್ಳಲ್ಲ. ಆಯುರ್ವೇದದಲ್ಲಿ ಮೈಯಿಂದ ಹೊರಬೀಳೋದೆಲ್ಲ ಮಲ, ಅದರಲ್ಲಿ ಮುಖ್ಯ ಮೂರು: ಪುರೀಷ, ಮೂತ್ರ, ಬೆವರು. ದೋಷ, ಧಾತು, ಮಲ ಇವೇ ಶರೀರದ ಬೇರು ಅಂತ ಸುಶ್ರುತ ಬರೆದಿದ್ದಾನೆ. ಬೇರು ಅಂದಿದ್ದಾನೆ, ಗಮನಿಸಿ. ನೀವು ಆ ಅಜ್ಜಿಯ ಬೇರಿನ ವಿಚಾರ ಕೇಳಿದಿರಿ.

ಉಳಿದ ಸಂಸ್ಕೃತ ಪದಗಳನ್ನೂ ಬಿಡಿಸಿ ನೋಡಿ. ಪುರೀಷ ಅಂದರೆ ವೇದದ ಕಾಲದಲ್ಲಿ ಸಡಿಲ ಮಣ್ಣು. ಯಜ್ಞವೇದಿಗೆ ಇಟ್ಟಿಗೆ ಜೋಡಿಸುವಾಗ ಒಂದು ವರಸೆಗೂ ಇನ್ನೊಂದು ವರಸೆಗೂ ನಡುವೆ ತುಂಬುತ್ತಿದ್ದ ಮಣ್ಣಿಗೆ ಪುರೀಷ ಅಂತಲೇ ಹೆಸರು. ಅದು ಯಾವಾಗಲೋ ಜಾರಿ ಜಾರಿ ಹೊಟ್ಟೆಗೆ ಬಂತು. ಅಮೇಧ್ಯ ಇನ್ನೂ ಸ್ವಾರಸ್ಯ. ಮೇಧ ಅಂದರೆ ಯಜ್ಞ, ಅಶ್ವಮೇಧದಲ್ಲಿ ಇರೋದು. ಮೇಧ್ಯ ಅಂದರೆ ಯಜ್ಞಕ್ಕೆ ತಕ್ಕದ್ದು. ತಕ್ಕದ್ದಲ್ಲದ್ದು ಅಮೇಧ್ಯ. ಅಂದರೆ ಪದ ವಸ್ತುವಿನ ಹೆಸರನ್ನೇ ಹೇಳ್ತಿಲ್ಲ, "ಇದನ್ನ ಹೋಮಕ್ಕೆ ತರಬೇಡಿ" ಅಂತ ಬೋರ್ಡು ಹಾಕ್ತಿದೆ. ಹನ್ನೆರಡನೇ ಶತಮಾನಕ್ಕೆ ಅಕ್ಕಮಹಾದೇವಿ ದೇಹವನ್ನು ‘ಅಮೇಧ್ಯದ ಮಡಿಕೆ, ಮೂತ್ರದ ಕುಡಿಕೆ’ ಅನ್ನುವ ಹೊತ್ತಿಗೆ ಆ ಬೋರ್ಡೇ ವಸ್ತುವಾಗಿ ನಿಂತಿತ್ತು. ಶೌಚ ಅಂದರೆ ಶುಚಿತ್ವ, ಶೌಚಾಲಯ ಅಂದರೆ ಶುಚಿಯ ಮನೆ. ಲಘುಶಂಕೆಯ ಶಂಕೆ ಅನುಮಾನ, ಅಳುಕು. ಬಹಿರ್ದೆಸೆ ಹೊರಗಿನ ದಿಕ್ಕು. ಇಂಗ್ಲಿಷಿನವರೂ ಕಮ್ಮಿ ಇಲ್ಲ, ಟಾಯ್ಲೆಟ್ ಫ್ರೆಂಚಿನಲ್ಲಿ ಒಂದು ಸಣ್ಣ ಬಟ್ಟೆ, ಲ್ಯಾಟ್ರಿನ್ ಲ್ಯಾಟಿನ್ನಿನಲ್ಲಿ ತೊಳೆಯುವ ಜಾಗ.

ಎಲ್ಲವೂ ಬೇರೆ ಏನನ್ನೋ ತೋರಿಸುತ್ತಾ ಇದನ್ನ ಹೇಳ್ತವೆ. ಒಂದು ತಲೆಮಾರು ಬಳಸಿದ ಮೇಲೆ ಮರೆಗಿಟ್ಟ ಪದಕ್ಕೂ ವಾಸನೆ ಹತ್ತುತ್ತೆ, ಆಗ ಇನ್ನೊಂದು ಮರೆ ಬೇಕು. ಕಕ್ಕಸು ಅನ್ನೋಕೆ ನಾಚಿಕೆಯಾಗಿ ಲ್ಯಾಟ್ರಿನ್ ಬಂತು, ಅದೂ ನಾರಿ ಟಾಯ್ಲೆಟ್ ಬಂತು, ಈಗ ವಾಶ್‌ರೂಮು, ರೆಸ್ಟ್‌ರೂಮು. ಮೋಷನ್ ಅಂದರೆ ಚಲನೆ ಅಂತಷ್ಟೆ. ಹೇಲು ಒಂದೇ ಅದು ಏನೋ ಅದನ್ನೇ ಹೇಳೋದು. ಅಜ್ಜಿಗೆ ಅದೊಂದೇ ಅರ್ಥವಾದದ್ದು ಅದಕ್ಕೇ.

ನೀವು ಮಾಡಿದ್ದು ಸರಿ. ಆದರೆ ಎಲ್ಲ ರೋಗಿಗಳಿಗೂ ಇದೇ ಪದ ಅಂತ ನಾನು ಹೇಳಲ್ಲ. ನಿಮ್ಮ ಪಕ್ಕದ ಬೆಡ್ಡಿನ ರಿಟೈರ್ಡ್ ಹೆಡ್‌ಮಾಸ್ಟರಿಗೆ ಹಾಗೆ ಕೇಳಿದರೆ ಅವರು ಸತ್ತರೂ ಉತ್ತರ ಕೊಡಲ್ಲ. ಹೊರಕಡೆ, ಕೆರೆಕಡೆ, ಬಯಲಕಡೆ, ಎರಡಕ್ಕೆ, ಹೀಗೆ ಊರಿಗೊಂದು ಮಾತಿದೆ. ರೋಗಿ ಯಾವುದನ್ನ ಆಡ್ತಾರೋ ಅದೇ.

ನರ್ಸ್:

ಹೆಡ್‌ಮಾಸ್ಟರುಗಳು ‘ವಿಸರ್ಜನೆ ಸುಗಮವಾಗಿದೆ’ ಅಂತಾರೆ ಸಾರ್. ನಿಜವಾಗ್ಲೂ.

ಮೈಸೂರಿನಿಂದ ಎಂಎ ವಿದ್ಯಾರ್ಥಿ:

ಉಚ್ಚೆ ಸಂಸ್ಕೃತದ ‘ಉಚ್ಚಾರ’ದಿಂದ ಬಂದಿರಬಹುದಾ? ಮನುಸ್ಮೃತಿಯಲ್ಲಿ ‘ಮೂತ್ರೋಚ್ಚಾರ’ ಅಂತ ನೋಡಿದ ನೆನಪು. ಮೂತ್ರವನ್ನ ಉಚ್ಚರಿಸೋದು ಅಂದ್ರೆ ಏನು ಅಂತ ಆವತ್ತಿನಿಂದ ತಲೆ ಕೆಡಿಸಿಕೊಂಡಿದ್ದೀನಿ.

ಉತ್ತರ:

ಭೇಷ್. ನೆನಪು ಸರಿ ಇದೆ. ನಾಲ್ಕನೇ ಅಧ್ಯಾಯ, ಹಗಲು ಉತ್ತರಕ್ಕೆ ಮುಖ ಮಾಡಿ ಕೂರಬೇಕು ಅನ್ನೋ ಶ್ಲೋಕ. ಅಲ್ಲಿ ಮೂತ್ರ ಬೇರೆ, ಉಚ್ಚಾರ ಬೇರೆ, ಸಮಾಸದಲ್ಲಿ ಸೇರಿಕೊಂಡಿವೆ. ಉತ್ ಅಂದರೆ ಮೇಲೆ, ಹೊರಗೆ. ಚರ ಅಂದರೆ ಹೋಗು. ಹೊರಗೆ ಹೋಗೋದು ಉಚ್ಚಾರ. ಬಾಯಿಂದ ಹೊರಗೆ ಹೋದರೆ ಮಾತು, ಇನ್ನೊಂದು ಕಡೆಯಿಂದ ಹೋದರೆ ಮಲ. ಸಂಸ್ಕೃತ ನಿಘಂಟುಗಳಲ್ಲಿ ಎರಡೂ ಅರ್ಥ ಒಂದೇ ಪದದ ಕೆಳಗಿವೆ. ಜೈನ ಮುನಿಗಳ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನಡವಳಿಕೆಯ ನಿಯಮಗಳಲ್ಲಿ, ಕೊನೆಯದಕ್ಕೆ ‘ಉಚ್ಚಾರ–ಪ್ರಸ್ರವಣ’ ಅಂತಲೇ ಹೆಸರುಂಟು. ಜೀವಜಂತು ಇಲ್ಲದ ಕಡೆ ನೋಡಿ ವಿಸರ್ಜಿಸಬೇಕು ಅನ್ನೋ ನಿಯಮ ಅದು. ಇನ್ನು ಮುಂದೆ ಟಿವಿ ಚರ್ಚೆಯಲ್ಲಿ ಯಾರಾದರೂ ಉಚ್ಚಾರ ಶುದ್ಧಿಯ ಬಗ್ಗೆ ಭಾಷಣ ಬಿಗಿದರೆ ನೀವು ಎರಡೂ ಅರ್ಥದಲ್ಲಿ ಕೇಳಿಸಿಕೊಳ್ಳಬಹುದು.

ಆದರೆ ಉಚ್ಚೆ ಇದರಿಂದ ಬಂತು ಅನ್ನೋದನ್ನ ನಾನು ಒಪ್ಪಲ್ಲ. ಉಚ್ಚಾರ ಅಂದರೆ ಗಟ್ಟಿ ಬಾಬ್ತು, ಉಚ್ಚೆ ನೀರು. ಅಲ್ಲದೆ ತೆಲುಗಿನಲ್ಲಿ ಉಚ್ಚ ಇದೆ, ತಮಿಳು ಮಕ್ಕಳು ಉಚ್ಚಾ ಅಂತಾರೆ. ಇದು ದ್ರಾವಿಡದ್ದೇ. ‘ಉಚ್ಚೇಲಿ ಮೀನು ಹಿಡಿಯೋನು’ ಅಂತ ಜಿಪುಣನಿಗೆ ಅಂತೀವಲ್ಲ, ಅದನ್ನ ‘ಮೂತ್ರದಲ್ಲಿ ಮತ್ಸ್ಯ ಗ್ರಹಿಸುವವನು’ ಅಂತ ಮಾಡಿ ನೋಡಿ. ಬೈಗುಳ ಹೋಗಿ ಪವಾಡ ಆಗುತ್ತೆ.

ತಿಪಟೂರಿನ ಕಡೆಯ ರೈತರೊಬ್ಬರು:

ನಮ್ಮನೇಲಿ ಹಸು, ಎಮ್ಮೆ, ಮೇಕೆ, ಕೋಳಿ, ನಾಯಿ, ಬೆಕ್ಕು ಎಲ್ಲಾ ಅವೆ. ಒಂದೊಂದಕ್ಕೆ ಒಂದೊಂದು ಹೆಸರು ಯಾಕೆ? ಸೆಗಣಿ ಅಂದ್ರೆ ಯಾರೂ ಮುಖ ಸಿಂಡರಿಸಲ್ಲ, ಬಾಗಿಲಿಗೆ ಸಾರಿಸ್ತೀವಿ.

ಉತ್ತರ:

ಪ್ರಶ್ನೆಯಲ್ಲೇ ಉತ್ತರ ಇಟ್ಟಿದ್ದೀರಿ. ನೀವೇ ಪಟ್ಟಿ ಮಾಡಿ. ಹಸು ಎಮ್ಮೆಗಳದು ಸೆಗಣಿ. ಆನೆ, ಕುದುರೆ, ಕತ್ತೆಯದು ಲದ್ದಿ. ಆಡು, ಕುರಿ, ಮೊಲ, ಇಲಿಯದು ಹಿಕ್ಕೆ (ಹಳೇ ರೂಪ ಪಿಕ್ಕೆ, ಇಲ್ಲೂ ಪಕಾರ ಹೋಗಿ ಹಕಾರ). ಹಸುವಿನ ಉಚ್ಚೆಗೂ ಬೇರೆ ಹೆಸರು, ಗಂಜಲ. ಈಗ ನಾಯಿಯದು? ಬೆಕ್ಕಿನದು? ಹಂದಿಯದು? ಮನುಷ್ಯನದು? ನಾಲ್ಕೂ ಹೇಲು. ಹೆಚ್ಚುಕಮ್ಮಿ ನೋಡಿದರೆ ಹುಲ್ಲು ಸೊಪ್ಪು ತಿನ್ನೋದರದ್ದು ಗೊಬ್ಬರಕ್ಕೆ, ಬೆರಣಿಗೆ, ಸಾರಿಸೋಕೆ ಬಂತು, ಅದಕ್ಕೆ ಸ್ವಂತ ಹೆಸರು ಸಿಕ್ಕಿತು. ಕೆಲಸಕ್ಕೆ ಬಾರದ್ದೆಲ್ಲ ಒಂದೇ ಗುಡ್ಡೆ. ಇಲಿ ಮಾತ್ರ ಈ ಲೆಕ್ಕಕ್ಕೆ ಸಿಗಲ್ಲ, ಅದು ಬಹುಶಃ ಆಕಾರದಿಂದ ಮೇಕೆಯ ಜೊತೆ ಸೇರಿಕೊಂಡಿದೆ.

ಸೆಗಣಿ ಪ್ರಾಕೃತದ ಛಗಣದಿಂದ ಬಂದದ್ದು, ನಮ್ಮಲ್ಲಿ ಸಗಣ, ಸಗಣಿ, ಸೆಗಣಿ ಅಂತ ಆಡಿದೆವು. ಗೋಮಯಕ್ಕೆ ಪಾಣಿನಿ ಒಂದು ಪ್ರತ್ಯೇಕ ಸೂತ್ರವನ್ನೇ ಮೀಸಲಿಟ್ಟಿದ್ದಾನೆ, ‘ಗೋಶ್ಚ ಪುರೀಷೇ’. ಆತನ ಕಾಲಕ್ಕೂ ಹಸುವಿನದಕ್ಕೆ ಬೇರೆ ಮರ್ಯಾದೆ ಇತ್ತು ಅಂತಾಯ್ತು.

ರೈತರು:

ನಮ್ಮಜ್ಜಿ ಮೈಮೇಲಿನದಕ್ಕೂ ಹಂಗೇ ವಿಂಗಡಿಸೋಳು. ಕಣ್ಣಲ್ಲಿ ಗೀಜು, ಮೂಗಲ್ಲಿ ಗೊಣ್ಣೆ, ಕಿವೀಲಿ ಗುಗ್ಗೆ, ಹಲ್ಲಲ್ಲಿ ಪಾಚಿ. ಸ್ನಾನಕ್ಕೆ ಕೂರಿಸಿ ಒಂದೊಂದೇ ಹೆಸರು ಹಿಡಿದು ತೆಗೆಯೋಳು.

ಹಾವೇರಿ ಜಿಲ್ಲೆಯಿಂದ ಒಬ್ಬರು:

ಎಲ್ಲಾರೂ ನಗಾಕತ್ತೀರಿ. ನಗ್ರಿ. ಒಂದ ಮಾತು. 2010ರ ಜುಲೈದಾಗ ಸವಣೂರಿನಾಗ ಸಂಡಾಸ ಬಳಿಯೂ ಕೆಲಸಕ್ಕ ಹಚ್ಚಿದ ಭಂಗಿ ಸಮಾಜದ ಮಂದಿ ಪುರಸಭೆ ಮುಂದ ಮೈಮ್ಯಾಲ ಇದನ್ನ ಸುರಕೊಂಡು ನಿಂತಿದ್ರು, ಇರೂ ಜಾಗದಿಂದ ಒಕ್ಕಲೆಬ್ಬಿಸ್ತಾರ ಅಂತ. ಮರುದಿನದ ಸುದ್ದಿಯೊಳಗೆಲ್ಲ ‘ಮಲ’ ಅಂತಿತ್ತು. ಅಲ್ಲಿ ಹೋದವರಿಗೆ ಗೊತ್ತು, ಅದು ಮಲ ಅಲ್ಲ.

ಉತ್ತರ:

ಹೌದು. ‘ಮಲ ಹೊರುವ ಪದ್ಧತಿ’ ಅಂತ ಬರೆದಾಗ ಅದು ಏನೋ ಪೂಜೆ ಪದ್ಧತಿಯ ಹಾಗೆ ಕೇಳುತ್ತೆ. ತಲೆಯ ಮೇಲೆ ಹೇಲು ಹೊರಿಸುತ್ತಿದ್ದರು ಅಂದರೆ ಕೇಳಿದವನಿಗೆ ಅನ್ನ ಇಳಿಯಲ್ಲ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಎಪ್ಪತ್ತರ ದಶಕದಲ್ಲೇ ನಮ್ಮ ರಾಜ್ಯದಲ್ಲಿ ತಲೆಹೊರೆಯನ್ನು ನಿಷೇಧಿಸಿದರು. ದೇಶದ ಕಾನೂನು ಬಂದದ್ದು 1993ರಲ್ಲಿ, ಮತ್ತೆ 2013ರಲ್ಲಿ ಇನ್ನೊಂದು. ಮರೆಯ ಪದ ಯಾರನ್ನ ಮುಜುಗರದಿಂದ ಕಾಪಾಡುತ್ತೆ ಅಂತ ನೀವು ನೆನಪಿಸಿದ್ದು ಒಳ್ಳೆಯದಾಯ್ತು. ಹೊರುವವರನ್ನಂತೂ ಅಲ್ಲ.

ಒಬ್ಬರು:

ವಿಷ್ಠೆ ಅಥವಾ ವಿಷ್ಟೆ, ಯಾವುದು ಸರಿ?

ಉತ್ತರ:

ಮಹಾಪ್ರಾಣ. ವಿಷ್ಠೆ.

ಪ್ರಶ್ನೆ ಕೇಳಿದ ತಾಯಿ (ಎರಡು ದಿನದ ನಂತರ):

ಎಲ್ಲರಿಗೂ ಥ್ಯಾಂಕ್ಸ್. ಅತ್ತೆಗೆ ಪೂರ್ತಿ ಓದಿ ಹೇಳಿದೆ. ಡಚ್ಚರ ಕತೆ ಅವರಿಗೆ ನಂಬಿಕೆ ಬರಲಿಲ್ಲ, "ಅವರ ಊರಲ್ಲಿ ಅವರು ಏನಂತಿದ್ರಂತೆ, ಇಲ್ಲಿಗೆ ಬಂದ ಮೇಲೆ ನಮ್ಮಿಂದ ಕಲಿತಿರಬೇಕು" ಅಂದ್ರು. ನರ್ಸ್ ಮೇಡಂ ಬರೆದದ್ದು ಓದಿದಾಗ ಮಾತ್ರ ಸುಮ್ಮನೆ ಕೂತಿದ್ರು. ಅವರ ಅಕ್ಕನಿಗೂ ಕೊನೆಗಾಲದಲ್ಲಿ ಹಾಗೇ ಕಪ್ಪಗೆ ಆಗ್ತಿತ್ತಂತೆ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಗನಿಗೆ ಕ್ಲಾಸಲ್ಲಿ ‘ಎರಡಕ್ಕೆ’ ಅನ್ನು, ಮನೇಲಿ ಅಜ್ಜಿ ಹತ್ರ ನಿನಗೆ ಬಂದಂತೆ ಅನ್ನು ಅಂತ ಹೇಳಿದ್ದೀನಿ. ಡೈರಿಗೆ ಏನು ಬರೆಯೋದು ಅಂತ ಗೊತ್ತಾಗದೆ, ಧೈರ್ಯ ಮಾಡಿ ಅದನ್ನೇ ಬರೆದೆ: "ಮೇಡಂ, ಇದು ಬೈಗುಳ ಅಲ್ಲ, ಹಳೆಯ ಕನ್ನಡ ಕ್ರಿಯಾಪದ. ಸೋಲು–ಸೋತ, ನೂಲು–ನೂತ, ಹೇಲು–ಹೇತ." ಕೆಳಗೆ ಸಹಿ ಹಾಕಿದೆ.

ಇವತ್ತು ಡೈರಿ ವಾಪಸ್ ಬಂತು. ಅದೇ ಕೆಂಪು ಇಂಕು. "ಗಮನಿಸಲಾಗಿದೆ. ಇವತ್ತು ಭೂತಕಾಲವೂ ಆಯಿತು. ನಾಳೆಯಿಂದ ಬ್ಯಾಗಿನಲ್ಲಿ ಒಂದು ಚಡ್ಡಿ ಹೆಚ್ಚಿಗೆ ಇಟ್ಟು ಕಳಿಸಿ."